ರುದ್ರಣ್ಣ ನಿಜವಾಗಿ ಆಡಿದ ಒಂದು ಮಾತು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನಗುವಂಥದ್ದು ಕಡಿಮೆ. ರುದ್ರಣ್ಣನ ಹೆಸರು ನೋಡಿ, ಕಾಫಿ ಕುಡಿಯುತ್ತಾ ಓದಿ ನಕ್ಕುಬಿಡೋಣ ಅಂತ ಬಂದವರು ಕೊನೆಗೆ ನನ್ನನ್ನು ಬೈಯಬೇಡಿ.

ಮೊನ್ನೆ ವನಗೂರು ದಾಟಿ ಹೊಂಗಡಹಳ್ಳದ ಕಡೆ ಬೈಕ್ ತಿರುಗಿಸುತ್ತಿದ್ದ ಹಾಗೇ ಮೂಗಿಗೆ ಬಡಿಯಿತು. ಕಾಫಿ ಹೂವು. ರಸ್ತೆಯ ಎರಡೂ ಕಡೆ ರೊಬಸ್ಟಾ ಗಿಡಗಳು ರೆಂಬೆ ಕಾಣದ ಹಾಗೆ ಬೆಳ್ಳಗೆ ಅರಳಿಕೊಂಡಿದ್ದವು. ಊರು ನೋಡಲು ಬಂದವರು ಈ ವಾಸನೆಗೆ ಕಾರು ನಿಲ್ಲಿಸಿ, ಕಣ್ಣು ಮುಚ್ಚಿ, ಆಹಾ ಅನ್ನುತ್ತಾರೆ. ನಾನು ಉಸಿರು ಬಿಗಿಹಿಡಿದು ಬೈಕ್ ಜೋರು ಮಾಡಿದೆ. ಹೋದ ವರ್ಷ ಇದೇ ಹೂವು ಅರಳಿದ್ದಾಗ ನಾವು ರುದ್ರಣ್ಣನನ್ನು ಮಣ್ಣು ಮಾಡಿದ್ದು. ಹಾರ ತರಲು ಪೇಟೆಗೆ ಹೋದವರು ಬರುವುದು ತಡವಾಯಿತು. ಯಾರೋ ಎರಡು ರೆಂಬೆ ಕಾಫಿ ಹೂವನ್ನೇ ಮುರಿದು ತಂದು, ಕೂರಿಸಿದ್ದ ಹೆಣದ ತೊಡೆಯ ಮೇಲೆ ಇಟ್ಟರು. ಕಾಯಿ ಕಚ್ಚಬೇಕಾದ ಹೂವನ್ನ ಮುರೀತಾರೇನ್ರೋ ಅಂತ ಇನ್ನೊಬ್ಬರು ಅಲ್ಲೇ ಬೈದರು. ಅದಾದ ಮೇಲೆ ಈ ವಾಸನೆ ನನಗೆ ಹೂವಿನದ್ದಾಗಿ ಉಳಿದಿಲ್ಲ.

ಹಿಂದಿನ ದಿನ ಗಿರಿಜಕ್ಕ ಫೋನ್ ಮಾಡಿದ್ದಳು. ರುದ್ರಣ್ಣನ ಹೆಂಡತಿ.

"ನಾಳೆ ವರ್ಷದ ಎಡೆ ಇಡ್ತೀನಿ. ಬಾ ಕಣಪ್ಪ."

"ಬರ್ತೀನಿ ಅಕ್ಕ. ಬರುವಾಗ ಪೇಟೆಯಿಂದ ಏನಾದ್ರೂ ತರ್ಬೇಕಾ?"

"ಏನೂ ಬ್ಯಾಡ. ಅವ್ರು ಆಡಿದ್ದು ಒಂದು ಮಾತು ತಗೊಂಡ್ ಬಾ. ನೀನ್ ಬರ್ದಿದ್ದಲ್ಲ. ಅವ್ರೇ ಆಡಿದ್ದು. ಒಂದೇ ಒಂದು ಸಾಕು."

ಇದೇನು ದೊಡ್ಡ ವಿಷಯ, ಸಾವಿರ ಇದ್ದಾವೆ, ಒಂದನ್ನು ಆರಿಸಿದರಾಯಿತು ಅಂದುಕೊಂಡೆ. ಸಕಲೇಶಪುರದಿಂದ ಅಲ್ಲಿಯವರೆಗೆ ದಾರಿಯುದ್ದಕ್ಕೂ ಹುಡುಕುತ್ತಾ ಹೋದೆ.

ನನ್ನ ಪರಿಚಯ ಇಲ್ಲದವರಿಗೆ ಹೇಳಿಬಿಡುತ್ತೇನೆ. ಸಕಲೇಶಪುರದಲ್ಲಿ ನನ್ನದು ರಿಪೇರಿ ಅಂಗಡಿ. ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಿಷನ್ನು, ಸ್ಪ್ರಿಂಕ್ಲರ್ ಇಂಜಿನ್ನು, ಕೆಟ್ಟದ್ದು ಏನು ಬಂದರೂ ಬಿಚ್ಚುತ್ತೇನೆ. ಬಿಡುವಾದಾಗ ಕೈಯ ಗ್ರೀಸ್ ಒರೆಸಿಕೊಂಡು ಫೇಸ್‌ಬುಕ್ಕಲ್ಲಿ ಬರೆಯುತ್ತೇನೆ. ಬರೆಯುತ್ತಿದ್ದದ್ದಾದರೂ ಏನು? ರುದ್ರಣ್ಣ ಆಡಿದ್ದನ್ನು. ಅವನು ಹೊಂಗಡಹಳ್ಳದ ಜೀಪ್ ಡ್ರೈವರ್. ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಿಗ್ಗೆ ಆಳುಗಳನ್ನು ಎಸ್ಟೇಟಿಗೆ ಬಿಟ್ಟರೆ ಸಂಜೆಯವರೆಗೆ ಅವನಿಗೆ ಬಾಡಿಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಪೇಟೆ ಕಡೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಒಂದು ಸತ್ತ ಇಂಜಿನ್ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದ. ಕೂತರೆ ಮಾತು. ನಾನು ಸ್ಪಾನರ್ ಹಿಡಿದು ಕೇಳುತ್ತಿದ್ದೆ.

ಆನೆಯದ್ದು ನಿಮಗೆಲ್ಲ ನೆನಪಿರಬೇಕು, ಎಲ್ಲರೂ ಹಂಚಿಕೊಂಡ ಪೋಸ್ಟ್ ಅದು. ವನಗೂರು ಕಡೆ ಹೊಸದಾಗಿ ತೋಟ ತೆಗೆದುಕೊಂಡ ಒಬ್ಬರು ರುದ್ರಣ್ಣನ ಜೀಪಲ್ಲಿ ಹೋಗುತ್ತಿದ್ದರಂತೆ. ಎದುರಿಗೆ ಒಂಟಿ ಸಲಗ, ರಸ್ತೆ ಮಧ್ಯೆ. ಇವರು ಗಾಬರಿಯಾಗಿ ಕೈ ಚಾಚಿ ಹಾರ್ನ್ ಒತ್ತಲು ಹೋದರು. ರುದ್ರಣ್ಣ ಆ ಕೈ ಹಿಡಿದುಕೊಂಡು, "ಸುಮ್ನಿರಿ ಸಾರ್. ಅದು ಹೋಗ್ತಾ ಇರೋದು ನಿಮ್ ತೋಟಕ್ಕೇಯ. ಗಲಾಟೆ ಮಾಡಿ ಲೇಟ್ ಮಾಡ್ಬ್ಯಾಡಿ" ಅಂದನಂತೆ.

ಇಂಥವು. ನನ್ನ ಕೆಲಸ ಇವನ್ನು ಬಾಚಿ ಹಾಕುವುದು, ಅಷ್ಟೇ. ಜನ ನನ್ನನ್ನು ಬರಹಗಾರ ಅಂದರು, ನಾನೂ ನಂಬಿದೆ.

ಹೋದ ವರ್ಷದ ಕೊಯ್ಲು ಶುರುವಾಗುವ ಹೊತ್ತಿಗೆ ಅವನ ದನಿ ಒಡೆಯಿತು. ಜೀಪಿನ ಧೂಳು ಅಂದುಕೊಂಡ. ಗಿರಿಜಕ್ಕ ಕಷಾಯ ಕುಡಿಸಿದಳು. ಆಮೇಲೆ ಅನ್ನ ಇಳಿಯುವುದು ಕಷ್ಟವಾಯಿತು. ಹಾಸನದಲ್ಲಿ ತೋರಿಸಿದರೆ ಅವರು ಮಂಗಳೂರಿಗೆ ಬರೆದುಕೊಟ್ಟರು. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಪರೇಷನ್ನಿಗೆ ಸೇರಿಸಲು ಅವನ ಜೀಪನ್ನೇ ಓಡಿಸಿಕೊಂಡು ನಾನೇ ಕರೆದುಕೊಂಡು ಹೋದೆ. ದೋಣಿಗಲ್ ದಾಟಿ ಘಾಟಿ ಇಳಿಯುವಾಗ ರುದ್ರಣ್ಣ ಮಾತಾಡುತ್ತಲೇ ಇದ್ದ. ಹಿಂದೆ ಗಿರಿಜಕ್ಕ ಚೀಲ ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಹೊರಗೆ ಲಾರಿಗಳು, ಒಳಗೆ ಆ ಒಡಕು ದನಿ. ಏನಣ್ಣ, ಏನಂದೆ ಅಂತ ಕೇಳಿ ಕೇಳಿ ಸಾಕಾಯಿತು. ಆಮೇಲೆ ಬರೀ ಹೂಂ ಅನ್ನುತ್ತಾ ಗಾಡಿ ಓಡಿಸಿದೆ. ಅವು ಅವನ ಬಾಯಿಂದ ಬರುವ ಕೊನೆಯ ಮಾತುಗಳು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆದರೆ ರುದ್ರಣ್ಣನ ಮಾತು ನಿಲ್ಲುತ್ತದೆ ಅಂದರೆ ಯಾವ ನನ್ನ ಮಗ ನಂಬುತ್ತಾನೆ?

ವಾಪಸ್ ಬಂದಾಗ ಕತ್ತಿನಲ್ಲಿ ಒಂದು ತೂತು, ಮೂಗಿನಲ್ಲಿ ಗಂಜಿ ಹೋಗಲು ಒಂದು ನಳಿಗೆ. ಬರೆದು ತೋರಿಸಣ್ಣ ಅಂದರೆ ಅವನಿಗೆ ಸಹಿ ಬಿಟ್ಟರೆ ಬೇರೆ ಅಕ್ಷರ ಬಾರದು. ಜೀಪು ಅಂಗಳದಲ್ಲಿ ನಿಂತಿತು, ಅದರ ಬಾನೆಟ್ ಮೇಲೆ ಗಿರಿಜಕ್ಕ ಮೆಣಸು ಒಣಗಿಸಿದಳು. ಇತ್ತ ನನ್ನ ಪೋಸ್ಟಿನ ಕೆಳಗೆ ಜನ ಕೇಳುತ್ತಿದ್ದರು. ರುದ್ರಣ್ಣ ಎಲ್ಲಿ? ರುದ್ರಣ್ಣ ಇಲ್ಲದೆ ನಿಮ್ಮ ಪೋಸ್ಟ್ ಸಪ್ಪೆ ಕಣ್ರೀ. ಸಪ್ಪೆ ಅನ್ನುವುದು ನನಗೂ ಗೊತ್ತಿತ್ತು. ಕಾಯಿಲೆ ವಿಷಯ ಬರೆಯೋಣ ಅಂತ ಕೂತೆ. ಕೈ ಹೋದದ್ದು ಬೇರೆ ಕಡೆಗೆ. ರುದ್ರಣ್ಣ ಆಸ್ಪತ್ರೆಯ ಲಿಫ್ಟಿನಲ್ಲಿ ನಿಂತು ಲಿಫ್ಟಿನ ಹುಡುಗಿಗೆ ಗೇರ್ ಹಾಕುವುದು ಹೇಗೆ ಅಂತ ಹೇಳಿಕೊಡುವ ಒಂದು ಪ್ರಸಂಗ. ನಡೆದದ್ದಲ್ಲ. ನಾನು ಕಟ್ಟಿದ್ದು.

ಹಾಕುವ ಮೊದಲು ಹೊಂಗಡಹಳ್ಳಕ್ಕೆ ಹೋಗಿ ಓದಿ ಹೇಳಿದೆ. ರುದ್ರಣ್ಣ ಮಂಚದ ಮೇಲೆ ಒರಗಿ ಕೇಳಿದ. ಕಣ್ಣು ಕಿರಿದಾಯಿತು, ಭುಜ ಕುಲುಕಿತು, ಕತ್ತಿನ ತೂತಿನಿಂದ ಗಾಳಿ ಸುಯ್ಯನೆ ಬಂತು. ನಗು ಅಂದರೆ ಈಗ ಅಷ್ಟೇ.

"ನೋಡ್ರೀ, ನೀವು ಆಡ್ದೆ ಹೋದ್ರೂ ಇವ್ನು ಆಡ್ತಾವ್ನೆ" ಅಂದಳು ಗಿರಿಜಕ್ಕ. "ನಿಮ್ ಬಾಯಿ ಬಾಡಿಗೆಗೆ ಬಿಟ್ಟಂಗಾಯ್ತು."

ರುದ್ರಣ್ಣ ಕೈ ಬೀಸಿದ. ಹೊಡಿ, ಮುಂದಕ್ಕೆ ಹೊಡಿ. ಎದುರು ಬಂದ ಗಾಡಿಗೆ ದಾರಿ ಬಿಟ್ಟು ತೋರಿಸುವ ಅದೇ ಕೈ.

ಅಲ್ಲಿಂದ ಹೊಡೆದೆ ನೋಡಿ. ಆ ದಿನಗಳ ಬಗ್ಗೆ ಯಾರಾದರೂ ಕೇಳಿದರೆ ಸುಳ್ಳು ಹೇಳಲಾರೆ, ನಾನು ಬರೆಯುವುದು ಕಲಿತದ್ದು ಆ ಕೊಯ್ಲಿನಲ್ಲಿ. ಅದಕ್ಕೂ ಮುಂಚೆ ಮಾತು ಸಿಕ್ಕಿದರೆ ಸಾಕಿತ್ತು. ಈಗ ಮಾತು ಸಿಗದೆ ಮನುಷ್ಯನನ್ನೇ ನೋಡಬೇಕಾಯಿತು. ಅವನು ಕೂತಾಗ ಕೈ ಎಲ್ಲಿರುತ್ತದೆ, ದನಿ ಇದ್ದಾಗ ಯಾರ ಎದುರು ಅದನ್ನು ಇಳಿಸುತ್ತಿದ್ದ, ಸೋತಾಗ ಯಾವ ಜೋಕು ಹೇಳುತ್ತಿದ್ದ. ಕೊನೆಯಲ್ಲಿ ಚಪ್ಪಾಳೆ ಹೊಡೆಸುವ ಸಾಲು ಬರೆದು, ಒಂದು ದಿನ ಅದನ್ನು ಅಳಿಸಿ ನೋಡಿದೆ. ಅಳಿಸಿದ ಮೇಲೆಯೇ ಚೆನ್ನಾಗಿತ್ತು. ಅಂಗಡಿಯಲ್ಲಿ ಪಂಪುಗಳು ರಾಶಿ ಬಿದ್ದವು, ಗಿರಾಕಿಗಳು ಬೈದರು, ನನಗೆ ಹಸಿವೇ ಆಗುತ್ತಿರಲಿಲ್ಲ.

ನನ್ನ ಹೆಂಡತಿ ಸುಮ ಒಂದು ದಿನ ರೊಟ್ಟಿ ತಟ್ಟುತ್ತಾ ಅಂದಳು: "ರೀ, ನೀವು ಮನೇಲೂ ರುದ್ರಣ್ಣನ ಥರ ಮಾತಾಡೋಕೆ ಶುರು ಮಾಡಿದೀರ."

"ಹೆಂಗೆ?"

"ಈಗ 'ಹೆಂಗೆ' ಅಂದ್ರಲ್ಲ, ಹಂಗೆ. ನಂಗೆ ನನ್ ಗಂಡ ಬೇಕು ಮಾರಾಯ್ರೇ. ಆ ಜೀಪ್ ಡ್ರೈವರ್ರು ಅವ್ರ ಮನೇಲೇ ಇರ್ಲಿ."

ನಕ್ಕೆವು. ಆದರೆ ಅವಳು ಹೇಳಿದ್ದು ತಮಾಷೆಗಲ್ಲ.

ಆ ಕಾಲದಲ್ಲೇ ಬರೆದದ್ದು ಶಾವಿಗೆಯ ಪೋಸ್ಟ್. ಅವನ ಮೂಗಿನ ನಳಿಗೆಗೆ ಗಿರಿಜಕ್ಕ ಗಂಜಿ ಹಾಕುವುದನ್ನು ಕಣ್ಣಾರೆ ನೋಡಿ ಬಂದಿದ್ದೆ. ಮನೆಗೆ ಬಂದು, ರುದ್ರಣ್ಣ ಘಾಟಿಯಲ್ಲಿ ಜೀಪು ಕೆಟ್ಟು ಯಾರದೋ ಮನೆಯಲ್ಲಿ ಉಳಿದು, ಬಿಸಿಬಿಸಿ ಒತ್ತುಶಾವಿಗೆಗೆ ಬೆಲ್ಲದ ಕಾಯಿಹಾಲು ಸುರಿದುಕೊಂಡು ತಿಂದದ್ದು ಬರೆದೆ. ಎಳೆ ಎಳೆಯಾಗಿ ಗಂಟಲಲ್ಲಿ ಇಳಿಯುವುದನ್ನು ಬರೆದೆ. ಪ್ರಪಂಚದಲ್ಲಿ ಅದಕ್ಕಿಂತ ರುಚಿ ಇನ್ನೊಂದಿಲ್ಲ ಅಂತ ಅವನ ಬಾಯಲ್ಲಿ ಹೇಳಿಸಿದೆ. ಓದಿದವರ ಬಾಯಲ್ಲಿ ನೀರು ಬಂತಂತೆ.

ಆಮೇಲೆ ಇನ್ನೊಂದು. ನಾನು ಬರೆದದ್ದರಲ್ಲೆಲ್ಲ ಒಳ್ಳೆಯದು ಅಂತ ಎಲ್ಲರೂ ಹೇಳುವುದು ಅದನ್ನೇ. ಕೊಯ್ಲು ಮುಗಿದು ತೋಟಗಳಲ್ಲಿ ಸ್ಪ್ರಿಂಕ್ಲರ್ ಶುರುವಾಗಿತ್ತು. ಆ ಕಥೆಯಲ್ಲಿ ರುದ್ರಣ್ಣ ಆಳುಗಳನ್ನೆಲ್ಲ ಇಳಿಸಿ ಒಬ್ಬನೇ ಬರುತ್ತಾ ಒಂದು ತಿರುವಿನಲ್ಲಿ ಜೀಪು ನಿಲ್ಲಿಸುತ್ತಾನೆ. ಇಷ್ಟು ವರ್ಷ ಓಡಿಸಿದ ರಸ್ತೆ. ಆದರೂ ತಿರುವಿನ ಆಚೆ ಇವತ್ತು ರಸ್ತೆ ಇರುವುದಿಲ್ಲ ಅಂತ ಅವನಿಗೆ ಭಯ. ಇಂಜಿನ್ ಆರಿಸದೆ, ಗೇರ್ ಹಾಕದೆ, ಸ್ಟೇರಿಂಗ್ ಹಿಡಿದು ಕೂತೇ ಇರುತ್ತಾನೆ. ಅಷ್ಟೇ ಕಥೆ.

ಹಾಸನದಿಂದ ಒಬ್ಬ ಸಂಪಾದಕಿ ಫೋನ್ ಮಾಡಿದರು. "ಇಷ್ಟು ದಿನ ನೀವು ಕೇಳಿದ್ದನ್ನ ಹೇಳ್ತಿದ್ರಿ. ಇದು ಕಥೆ. ಇಂಥವನ್ನೇ ಬರೀರಿ, ಪುಸ್ತಕ ಮಾಡೋಣ" ಅಂದರು. ಫೋನಿಟ್ಟು ಅಂಗಡಿ ಬಾಗಿಲು ಎಳೆದುಕೊಂಡು ಸೀದಾ ಹೊಂಗಡಹಳ್ಳಕ್ಕೆ ಬೈಕ್ ಓಡಿಸಿದೆ. ಅವನಿಗೇ ಮೊದಲು ಹೇಳಬೇಕಿತ್ತು.

ರುದ್ರಣ್ಣ ಆಗ ಬಹಳ ಇಳಿದುಹೋಗಿದ್ದ. ಗಿರಿಜಕ್ಕ ಹಿತ್ತಲಲ್ಲಿದ್ದಳು. ನಾನು ಮಂಚದ ಪಕ್ಕ ಕೂತು ಆ ತಿರುವಿನ ಕಥೆ ಓದಿದೆ. ಎಲ್ಲೋ ದೂರದಲ್ಲಿ ಸ್ಪ್ರಿಂಕ್ಲರ್ ಇಂಜಿನ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಓದಿ ಮುಗಿಸಿ ತಲೆ ಎತ್ತಿದೆ. ಅವನು ನಗಲಿಲ್ಲ, ಅಳಲಿಲ್ಲ. ತೋರುಬೆರಳು ಎತ್ತಿ ಎಡಕ್ಕೆ ಬಲಕ್ಕೆ ಆಡಿಸಿದ. ಅಲ್ಲ. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಮತ್ತೆ ಬೆರಳು ಆಡಿಸಿದ. ನಾನಲ್ಲ. ಆಮೇಲೆ ಆ ಬೆರಳನ್ನೇ ತಂದು ನನ್ನ ಎದೆಗೆ ಒತ್ತಿ ಹಿಡಿದ. ನೀನು.

ಒತ್ತಿದ್ದು ನೋಯುವಷ್ಟು. ಆ ಕೈಯಲ್ಲಿ ಅಷ್ಟು ಬಲ ಉಳಿದಿತ್ತು ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಗೋಡೆ ಕಡೆ ತಿರುಗಿದ.

ಅವನು ಹೇಳಿದ್ದು ಸರಿ. ಸಾಯುವ ಭಯ ಅವನಿಗೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ದಾರಿ ಇರಲಿಲ್ಲ. ತಿರುವಿನಲ್ಲಿ ನಿಂತವನು ನಾನು. ಐವತ್ತು ಹತ್ತಿರ ಬಂತು, ಇನ್ನೊಬ್ಬರ ಮಾತು ನಿಂತುಹೋದರೆ ನನ್ನದು ಅಂತ ಹೇಳಲು ಒಂದಾದರೂ ಇದೆಯಾ ಅನ್ನುವ ಭಯ. ಅದನ್ನು ನನ್ನ ಹೆಸರಲ್ಲಿ ಬರೆಯಲು ಧೈರ್ಯ ಸಾಲದೆ ಅವನ ಜೀಪಿನಲ್ಲಿ ಕೂರಿಸಿದ್ದೆ.

ಹೂವು ಅರಳಿದ ವಾರದಲ್ಲಿ ರುದ್ರಣ್ಣ ಹೋದ. ಆಮೇಲೆ ಶಿವಗಣಾರಾಧನೆಯ ದಿನ ಎಡೆ ಇಟ್ಟರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಯೆಲೆಯಲ್ಲಿ ಬಡಿಸಿ, ಅವರ ಫೋಟೋ ಮುಂದಿಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಆಚೆ ಬರುತ್ತಾರೆ. ಅವರು ಬಂದು ಉಣ್ಣಲಿ ಅಂತ. ಅವನಿಗೆ ಇಷ್ಟ ಅಂತ ಗಿರಿಜಕ್ಕ ಅಕ್ಕಿರೊಟ್ಟಿ, ಸೂಜಿಮೆಣಸಿನ ಚಟ್ನಿ ಮಾಡಿದ್ದಳು. ಆಲೂರು ಕಡೆಯಿಂದ ಬಂದ ಅವನ ತಮ್ಮನ ಸೊಸೆ ಒಂದು ಡಬ್ಬಿ ತಂದು ಬಿಚ್ಚಿದಳು. ಒತ್ತುಶಾವಿಗೆ. ಪಕ್ಕದಲ್ಲಿ ಲೋಟದ ತುಂಬ ಕಾಯಿಹಾಲು.

"ಇದ್ಯಾಕವ್ವ?" ಅಂದಳು ಗಿರಿಜಕ್ಕ. "ಅವ್ರು ಕಾಯಿಹಾಲಿನ ವಾಸ್ನೆ ಬಂದ್ರೆ ಎದ್ದೋಗೋರು."

"ಇಲ್ಲ ಅತ್ತೆ, ಮಾವಂಗೆ ಇದಂದ್ರೆ ಪ್ರಾಣ ಅಲ್ವಾ. ನಾವೆಲ್ಲ ಓದಿದೀವಿ."

ಗಿರಿಜಕ್ಕ ತಿರುಗಿ ನನ್ನನ್ನು ನೋಡಿದಳು. ತಂದವಳ ಮನಸ್ಸು ಮುರಿಯಬಾರದು ಅಂತಲೋ ಏನೋ, ಶಾವಿಗೆಯನ್ನು ಎಲೆಯ ತುದಿಯಲ್ಲಿ ಬಡಿಸಿದಳು.

ಅವನು ಹೋದ ಸುದ್ದಿ ಬರೆದಾಗ ನೀವೆಲ್ಲ ಕಣ್ಣೀರು ಹಾಕಿದಿರಿ. ಆಮೇಲೆ ನೀವೇ ಕೇಳಿದಿರಿ, ಹಳೆಯದು ಇದ್ದರೆ ಬರೀರಿ ಅಂತ. ಬರೆದೆ. ವರ್ಷಪೂರ್ತಿ ಬರೆದೆ. ಬರೆದಷ್ಟೂ ಸಲೀಸಾಯಿತು. ಎಷ್ಟು ಸಲೀಸಾಯಿತೆಂದರೆ, ಮೊನ್ನೆ ದಾರಿಯಲ್ಲಿ ಗಿರಿಜಕ್ಕನಿಗೆ ಕೊಡಲು ಒಂದು ಮಾತು ಹುಡುಕಿದರೆ, ಎತ್ತಿದ ಪ್ರತಿಯೊಂದೂ ನನ್ನ ಕೈಯ ಗ್ರೀಸ್ ಮೆತ್ತಿಕೊಂಡೇ ಬಂತು. ಮೊದಲಿನವು ಆದರೂ ನಿಜ ಇರಬೇಕಲ್ಲ ಅಂದುಕೊಂಡೆ. ಅವನ್ನೂ ನಾನು ಉದ್ದ ಇದ್ದದ್ದನ್ನು ಕತ್ತರಿಸಿ, ಮೊನಚು ಮಾಡಿಯೇ ಹಾಕಿದ್ದು. ಆನೆಯದ್ದು ಅವನದ್ದೇ ಅಂತ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ವನಗೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಆ ದಿನ ಜೀಪಿನ ಹಿಂದೆ ಕೂತಿದ್ದವನೊಬ್ಬ ಸಿಕ್ಕಿದ. ಕೇಳಿದೆ.

"ಅವತ್ತಾ? ಯಾರ್ ಮಾತಾಡ್ತಾರಣ್ಣ! ಎಲ್ರೂ ಉಸ್ರು ಹಿಡ್ಕೊಂಡ್ ಕೂತಿದ್ವಿ. ರುದ್ರಣ್ಣನೂ ಸ್ಟೇರಿಂಗ್ ಗಟ್ಟಿ ಹಿಡ್ಕೊಂಡ್ ಕೂತಿದ್ದ. ನೀವ್ ಬರ್ದಿದ್ದು ಓದಿ ಆಮೇಲೆ ನಕ್ಕಿದ್ದು."

ಹಾಗಾದರೆ ಅದನ್ನು ಅಂದದ್ದು ಯಾರು? ಅಂಗಡಿಯಲ್ಲಿ ಇಂಜಿನ್ ಮೇಲೆ ಕೂತು ಹೇಳುವಾಗ ರುದ್ರಣ್ಣ ಸೇರಿಸಿದನೋ, ಬರೆಯುವಾಗ ನಾನು ಸೇರಿಸಿದೆನೋ? ಅವನ ದನಿ ಒಂದು ಸಲ ಕೇಳಿದರೆ ಗೊತ್ತಾಗಿಬಿಡುತ್ತದೆ ಅನಿಸಿ ಫೋನ್ ತೆಗೆದೆ. ಇರುವುದು ಒಂದೇ ವಿಡಿಯೋ. ಅದರಲ್ಲಿ ಜೀಪು ಏರು ಹತ್ತುತ್ತಿದೆ, ರುದ್ರಣ್ಣ ಕನ್ನಡಿ ನೋಡಿಕೊಂಡು ಏನೋ ಹೇಳುತ್ತಾನೆ, ಎಲ್ಲರೂ ನಗುತ್ತಾರೆ. ಇಂಜಿನ್ ಸದ್ದಿನಲ್ಲಿ ಒಂದಕ್ಷರ ಕೇಳುವುದಿಲ್ಲ. ಇಂಜಿನ್ನಿಗೆ ಏನಾಗಿತ್ತು ಅಂತ ಮಾತ್ರ ನಾನು ಹೇಳಬಲ್ಲೆ.

ಹಾಗೆ ಬರಿಗೈಯಲ್ಲಿ ಹೋದೆ.

ಈ ಸಲ ಎಡೆಗೆ ಹೆಚ್ಚು ಜನ ಇರಲಿಲ್ಲ. ಗಿರಿಜಕ್ಕ ಬಡಿಸಿ ಮುಗಿಸಿದ್ದಳು. ರೊಟ್ಟಿ, ಚಟ್ನಿ, ಅನ್ನ, ಪಾಯಸ, ಒಂದು ಕಟ್ಟು ಬೀಡಿ. ಎಲೆಯ ನಡುವೆ, ತುದಿಯಲ್ಲಲ್ಲ, ಶಾವಿಗೆ, ಪಕ್ಕದಲ್ಲಿ ಕಾಯಿಹಾಲು. ಅವಳೇ ಒತ್ತಿದ್ದು. ಬಾಗಿಲು ಹಾಕಿ ಇಬ್ಬರೂ ಜಗಲಿ ಮೇಲೆ ಕೂತೆವು. ಜೀಪು ಅಂಗಳದಲ್ಲೇ ಇತ್ತು, ಟೈರು ಕೂತುಹೋಗಿತ್ತು. ಎದುರು ತೋಟದಿಂದ ಆ ವಾಸನೆ.

"ಅವ್ರಿಗೆ ಇಷ್ಟ ಇತ್ತೇನೋ ಕಣೋ ಚಂದ್ರು" ಅಂದಳು ನಿಧಾನಕ್ಕೆ. "ನಂಗೆ ಯಾವತ್ತೂ ಹೇಳ್ಲಿಲ್ಲ. ಇಷ್ಟು ವರ್ಷ ಒಂದ್ ದಿನಾನೂ ಮಾಡಿಕೊಡ್ಲಿಲ್ವಲ್ಲ ನಾನು. ನಿಂಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ."

"ಇಲ್ಲ ಅಕ್ಕ. ಅದು ನನ್ನದು. ನಮ್ಮವ್ವ ಮಾಡ್ತಿದ್ದದ್ದು. ಇಷ್ಟ ಇದ್ದಿದ್ದು ನಂಗೆ. ರುದ್ರಣ್ಣ ಕಾಯಿಹಾಲು ಬಾಯಿಗೆ ಇಟ್ಟೋನೇ ಅಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇರ್ಲಿ ಬಿಡು. ಅವ್ರ ದನಿ ಮರ್ತೋಗ್ಬುಟ್ಟೈತೆ ನಂಗೆ. ಮೊಮ್ಮಗಳು ಬಂದಾಗ ನಿನ್ ಪೋಸ್ಟ್ ಓದಿ ಹೇಳಿದ್ರೆ ಒಂದು ದನಿ ಕೇಳುತ್ತೆ. ಅದು ಅವ್ರದ್ದೋ ನಿಂದೋ, ಅದೂ ಗೊತ್ತಾಗಲ್ಲ. ಅದ್ಕೇ ಕೇಳಿದ್ದು ಒಂದು ನಿಜವಾದ ಮಾತು ತಗೊಂಡ್ ಬಾ ಅಂತ. ತಂದ್ಯಾ?"

ಎಂಥದಾದರೂ ಒಂದನ್ನು ಆ ಕ್ಷಣದಲ್ಲಿ ಕಟ್ಟಿ ಕೊಡಬಹುದಿತ್ತು. ಅವಳು ನಂಬುತ್ತಿದ್ದಳು, ಅಷ್ಟು ಕಲಿತಿದ್ದೇನೆ. ಬಾಯಿಯವರೆಗೆ ಬಂದೂ ಇತ್ತು. ನುಂಗಿಕೊಂಡೆ.

ಬೆರಳು ಎತ್ತಿದೆ. ಎಡಕ್ಕೆ ಬಲಕ್ಕೆ ಆಡಿಸಿದೆ. ನನ್ನ ಎದೆ ಮುಟ್ಟಿಕೊಂಡು ಮತ್ತೆ ಆಡಿಸಿದೆ. ಆಮೇಲೆ ಅವನು ಒತ್ತಿದ ಜಾಗದಲ್ಲೇ ನನ್ನ ಎದೆಗೆ ಒತ್ತಿಕೊಂಡೆ. "ಆ ತಿರುವಿನ ಕಥೆ ಓದಿದಾಗ ಹಿಂಗಂದ ಅಕ್ಕ. ಅದು ನಾನಲ್ಲ, ನೀನು ಅಂದ. ಇದೊಂದು ಮಾತ್ರ ನಾನು ಯಾವತ್ತೂ ಬರ್ದಿಲ್ಲ. ಅದ್ಕೇ ಇದು ಕೆಟ್ಟಿಲ್ಲ."

ಗಿರಿಜಕ್ಕ ನನ್ನ ಬೆರಳನ್ನೇ ನೋಡುತ್ತಿದ್ದಳು. "ಹೂಂ" ಅಂದಳು. "ಹಂಗೇ ಆಡಿಸೋರು ಬೆರಳ್ನ. ಸೀಟ್ ಇಲ್ಲ ಅಂತ ಜನಕ್ಕೆ ಹೇಳೋವಾಗ ಹಂಗೇ. ಅದು ಅವ್ರೇ ಕಣೋ." ನಗಲು ಹೋಗಿ ಮುಖ ಕಿವುಚಿಕೊಂಡಿತು. ಒರೆಸಿಕೊಂಡಳು. ಆಮೇಲೆ ಕೇಳಿದಳು: "ಅಷ್ಟೇನಾ? ಅಷ್ಟು ಮಾತಾಡಿದ್ ಮನುಷ್ಯಂದು ಇಷ್ಟೇನಾ ಉಳಿದಿದ್ದು?"

"ಇಷ್ಟೇ ಅಕ್ಕ."

ಇದನ್ನೂ ಈಗ ಬರೆದುಬಿಟ್ಟೆ. ಇನ್ನು ಇದೂ ಎಷ್ಟು ದಿನ ಅವನದ್ದಾಗಿ ಉಳಿಯುತ್ತದೋ ಕಾಣೆ. ಬರೆಯದೆ ಇರಲು ಮಾತ್ರ ನನಗೆ ಇನ್ನು ಆಗುವುದಿಲ್ಲ, ಬರೀ ಪಂಪು ಬಿಚ್ಚಿಕೊಂಡಿದ್ದ ಆ ಹಳೆಯ ಮನುಷ್ಯನಾಗಿ ನಾನು ಉಳಿದಿಲ್ಲ. ರುದ್ರಣ್ಣನ ಬಾಯಲ್ಲಿ ಮಾತ್ರ ಮತ್ತೆ ಬರೆಯುವುದಿಲ್ಲ. ಭಯವೋ ಹಸಿವೋ, ಬರೆದರೆ ನನ್ನದು ಅಂತಲೇ ಬರೆಯುತ್ತೇನೆ. ನಿಮಗೆ ಸಪ್ಪೆ ಅನಿಸಿದರೆ ಅನಿಸಲಿ.

ಹೊತ್ತಾಯಿತು ಅಂತ ಗಿರಿಜಕ್ಕ ಎದ್ದಳು. ಬಾಗಿಲಿಗೆ ಮೆಲ್ಲಗೆ ಬಡಿದು ತೆಗೆದಳು. ಊದುಬತ್ತಿ ಉರಿದು ಮುಗಿದಿತ್ತು. ಎಲೆಯಲ್ಲಿ ರೊಟ್ಟಿ, ಚಟ್ನಿ, ಅನ್ನ, ಎಲ್ಲ ಇಟ್ಟದ್ದು ಇಟ್ಟ ಹಾಗೇ ಇತ್ತು. ಅವಳು ಬಗ್ಗಿ ಶಾವಿಗೆಯನ್ನಷ್ಟೇ ಒಂದು ತಟ್ಟೆಗೆ ಎತ್ತಿ, ಕಾಯಿಹಾಲು ಸುರಿದು, ನನ್ನ ಕೈಗೆ ಕೊಟ್ಟಳು.

"ತಿನ್ನು" ಅಂದಳು. "ನಿಂದೇ ಅಲ್ವಾ."